ಹೊಲ ಕೊಟ್ಟವರು ದಾರಿ ಕೊಡಲಿಲ್ಲ

ಸರ್ವೆ ಇಲಾಖೆಯಲ್ಲಿ ಭೂಮಾಪಕನಾಗಿ ಸೇರಿ, ಅಲ್ಲೇ ತಲೆ ನರೆತು ಹೊರಬಿದ್ದವನು ನಾನು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸುತ್ತಿನ ಹೊಲಗಳಲ್ಲೇ ನನ್ನ ಚಪ್ಪಲಿಗಳೆಲ್ಲ ಸವೆದವು. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದನ್ನು ಬರೆದರೆ ಓದುವವರಿಗೂ ಬೇಸರ, ನನಗೂ ಬೇಸರ, ಅದನ್ನು ಬಿಟ್ಟುಬಿಡುತ್ತೇನೆ. ಈಚೆಗೆ ಇಲಾಖೆಗೆ ಸೇರಿದ ಹುಡುಗ ಹುಡುಗಿಯರು ಆಗಾಗ ಜಮಖಂಡಿಯ ನಮ್ಮ ಮನೆಗೆ ಬಂದು ಕೂತು, "ಸರ್, ನಿಮ್ಮ ಕಾಲದಾಗ ಕೆಲಸ ಹೆಂಗಿತ್ರಿ?" ಎಂದು ಕೇಳುತ್ತಾರೆ. ಬಿಸಿಲು, ಸರಪಳಿ, ಹಾವು, ಚೇಳು, ಇಂಥ ಕತೆ ಹೇಳಲಿ ಎಂದು ಅವರ ಆಸೆ. ಅವೂ ಇವೆ. ಆದರೆ ನಾನು ಅವರಿಗೆ ಹೇಳುವುದು ರುದ್ರವ್ವನ ಕತೆ. ಹೇಳುವಾಗ ಈಗಲೂ ನನ್ನ ದನಿ ಏರುತ್ತದೆ. ನನ್ನ ಹೆಂಡತಿ ಒಳಗಿನಿಂದ ಬಂದು ನೀರಿನ ಲೋಟ ಇಟ್ಟು ಹೋಗುತ್ತಾಳೆ.

ಹೊಲದ ಜಗಳವೆಂದರೆ ಹದ್ದಿನ ಜಗಳ ಎಂದು ಹೊಸಬರು ತಿಳಿದಿರುತ್ತಾರೆ. ಅವನು ನನ್ನ ಕಡೆ ಎರಡು ಸಾಲು ಒತ್ತಿ ಬಿತ್ತಿದ, ಇವನು ಬಾಂದುಕಲ್ಲು ಕಿತ್ತು ಸರಿಸಿದ, ಇಂಥವು. ಇವು ನಮ್ಮ ಕೈಯಲ್ಲಿ ಬಗೆಹರಿಯುವ ಜಗಳಗಳು. ಅಳೆದು ಕಲ್ಲು ನೆಟ್ಟರೆ ಒಬ್ಬ ಬೈಯುತ್ತಾನೆ, ಇನ್ನೊಬ್ಬ ಚಹಾ ಕುಡಿಸುತ್ತಾನೆ, ಅಲ್ಲಿಗೆ ಮುಗಿಯಿತು. ದಾರಿಯ ಜಗಳ ಹಾಗೆ ಮುಗಿಯುವುದಿಲ್ಲ. ನಿಮ್ಮ ಹೊಲ ನಡುವೆ ಇದೆ, ಸುತ್ತ ಬೇರೆಯವರ ಹೊಲಗಳಿವೆ. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ನಿಮ್ಮ ಹೆಸರೇ ಇದೆ, ಕಂದಾಯ ಕಟ್ಟುವವರೂ ನೀವೇ. ಅಲ್ಲಿಗೆ ಹೋಗಲು ಮಾತ್ರ ಇನ್ನೊಬ್ಬರ ಮರ್ಜಿ ಕಾಯಬೇಕು.

ನಾನು ಕೆಲಸಕ್ಕೆ ಸೇರಿದ ಹೊತ್ತಿನಲ್ಲಿ ಈ ಕಡೆಯ ಬಹಳಷ್ಟು ಹೊಲಗಳಲ್ಲಿ ಜೋಳ, ಕಡಲೆ ಬೆಳೆಯುತ್ತಿದ್ದರು. ರಾಶಿ ಮುಗಿದ ಮೇಲೆ ಬೇಸಿಗೆಯಲ್ಲಿ ನೆಲವೆಲ್ಲ ಬಯಲು. ಗೊಬ್ಬರದ ಬಂಡಿ ಯಾರ ಹೊಲದಲ್ಲಾದರೂ ಹಾಯ್ದು ಹೋಗುತ್ತಿತ್ತು, ಯಾರೂ ಏನೂ ಅನ್ನುತ್ತಿರಲಿಲ್ಲ. ಬೇಲಿ ಎಂದರೆ ಜಾಲಿಯ ಮುಳ್ಳು. ಕೋಲಿನಿಂದ ಸರಿಸಿ ಒಳಗೆ ಹೋಗಿ ಮತ್ತೆ ಮುಚ್ಚಿದರಾಯಿತು. ಆಮೇಲೆ ಕಾಲುವೆ ನೀರು ಬಂತು, ಅದರ ಹಿಂದೆ ಕಬ್ಬು ಬಂತು. ಕಬ್ಬು ವರ್ಷವಿಡೀ ನಿಲ್ಲುವ ಬೆಳೆ, ನೆಲ ಬಯಲಾಗುವುದೇ ಇಲ್ಲ. ಕಡಿದ ಕಬ್ಬು ಸಾಗಿಸಲು ಟ್ರ್ಯಾಕ್ಟರು ಹೊಲದೊಳಗೇ ಬರಬೇಕು. ಹೀಗೆ ದಾರಿ ಹೆಚ್ಚು ಬೇಕಾದ ಕಾಲಕ್ಕೇ ಜನ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಬಿಗಿಯತೊಡಗಿದರು. ಮುಳ್ಳಿನ ಬೇಲಿಯನ್ನು ಹಾಕುತ್ತಿದ್ದದ್ದು ದನ ಬರಬಾರದೆಂದು. ತಂತಿಯ ಬೇಲಿಯನ್ನು ನೆರೆಯವರು ಬರಬಾರದೆಂದು ಹಾಕಿದ್ದನ್ನೂ ನಾನು ನೋಡಿದೆ.

ನಮ್ಮ ಕೆಲಸದ ರೀತಿಯೂ ಅಷ್ಟರಲ್ಲಿ ಬದಲಾಯಿತು. ಮೊದಲು ಸರಪಳಿ ಎಳೆಯುತ್ತಿದ್ದೆವು. ಹೊಲದ ಈ ತುದಿಯಿಂದ ಆ ತುದಿಯವರೆಗೆ ಸರಪಳಿಯ ಹಿಂದೆ ನಾವೂ ನಡೆಯಬೇಕು. ನಡೆಯುವಾಗ ಬಂಡಿಯ ಗಾಲಿ ಕೊರೆದ ಗೆರೆ ಕಾಲಿಗೇ ತಾಗುತ್ತಿತ್ತು. ಯಾವ ಒಡ್ಡಿನ ಮೇಲೆ ಜನ ತುಳಿದು ತುಳಿದು ಹುಲ್ಲು ಸತ್ತಿದೆ ಎಂದು ಕೇಳದೆಯೇ ತಿಳಿಯುತ್ತಿತ್ತು. ಆಮೇಲೆ ಮೂರು ಕಾಲಿನ ಯಂತ್ರ ಬಂತು. ಈಗ ಮೂಲೆಗೊಮ್ಮೆ ಕೋಲು ಊರಿದರೆ ಆಕಾಶದ ಉಪಗ್ರಹ ಅಳತೆ ಕೊಡುತ್ತದೆ. ಕರಾರುವಾಕ್ಕಾಗಿಯೇ ಕೊಡುತ್ತದೆ, ಅದರ ಮೇಲೆ ನನ್ನ ತಕರಾರಿಲ್ಲ. ಆದರೆ ನಾಲ್ಕು ಮೂಲೆಯಲ್ಲಿ ನಿಂತು ಹೋದವನಿಗೆ ನಡುವೆ ಏನಿತ್ತು ಎಂದು ಕೇಳಿದರೆ ಅವನು ಏನು ಹೇಳಿಯಾನು?

ಇನ್ನು ರುದ್ರವ್ವ. ಹುನ್ನೂರಿನ ಆಚೆಯ ಒಂದು ಹಳ್ಳಿಯವಳು. ಹಳ್ಳಿಯ ಹೆಸರು ಬೇಡ, ಎರಡೂ ಕಡೆಯವರು ಇನ್ನೂ ಅಲ್ಲೇ ಇದ್ದಾರೆ. ಮಂದಿಯ ಹೆಸರನ್ನೂ ಬದಲಿಸಿದ್ದೇನೆ. ಅವಳ ತವರೂ ಗಂಡನ ಮನೆಯೂ ಅದೇ ಊರು. ಗಂಡ ಕಲ್ಲಪ್ಪ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಅವಳಿಗೆ ಒಬ್ಬನೇ ಅಣ್ಣ, ಗುರಪ್ಪ. ಅಪ್ಪ ತೀರಿಕೊಂಡ ಮೇಲೆ ರುದ್ರವ್ವ ತನ್ನ ಪಾಲು ಕೇಳಿದಳು. ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕಾನೂನು ಬಂದಿತ್ತು, ಆದರೆ ಊರಲ್ಲಿ ಅದನ್ನು ಬಾಯಿಬಿಟ್ಟು ಕೇಳಿದ ಮೊದಲ ಹೆಣ್ಣು ಅವಳೇ ಇರಬೇಕು. ಕೋರ್ಟಿನವರೆಗೆ ಹೋಗಿ ಕಡೆಗೆ ರಾಜಿಯಾಯಿತು. ಒಂದೇ ಹೊಲವನ್ನು ಎರಡು ಮಾಡಿದರು. ರಸ್ತೆ ಕಡೆಯ ಅರ್ಧ ಗುರಪ್ಪನಿಗೆ, ಕಾಲುವೆ ಕಡೆಯ ಅರ್ಧ ರುದ್ರವ್ವನಿಗೆ.

ಅವಳು ಒಪ್ಪಿದಳು. ಅಪ್ಪನ ಕಾಲದಿಂದಲೂ ರಸ್ತೆಯಿಂದ ಒಳಗಿನವರೆಗೆ ಒಡ್ಡಿನ ಗುಂಟ ಬಂಡಿದಾರಿ ಇತ್ತು. ಅದೀಗ ಅಣ್ಣನ ಪಾಲಿನಲ್ಲಿ ಹಾಯುತ್ತಿತ್ತು. ಆ ದಾರಿಯ ಬಗ್ಗೆ ವಾಟ್ನಿ ಕಾಗದದಲ್ಲಿ, ಅಂದರೆ ಪಾಲುಪತ್ರದಲ್ಲಿ, ಒಂದಕ್ಷರ ಬರೆದಿರಲಿಲ್ಲ. "ಅಣ್ಣನ ಹೊಲದಾಗ ಹಾದು ಹೋಗಾಕ ಕಾಗದ ಯಾಕ ಬೇಕು ಅನ್ಕೊಂಡ್ಯಾರಿ" ಎಂದು ಆಮೇಲೆ ನನಗೆ ಹೇಳಿದಳು. ಪಾಲು ಬರೆದ ವಕೀಲರು ಕೇಳಲಿಲ್ಲ. ನೋಂದಣಿ ಮಾಡಿದವರು ಕೇಳಲಿಲ್ಲ. ಪಾಲುಗಳ ಹಿಸ್ಸಾ ನಕಾಶೆ ತೆಗೆದವರು ಕೇಳಲಿಲ್ಲ. ಇಷ್ಟು ಜನ ಓದಿದವರ ಕೈ ದಾಟಿ ಬಂದ ಕಾಗದ ಅದು! ಒಳಗಿನ ಹೊಲದವಳು ಒಳಗೆ ಹೇಗೆ ಹೋಗುತ್ತಾಳೆ ಎಂದು ಒಬ್ಬರಿಗೂ ಹೊಳೆಯಲಿಲ್ಲವೆ?

ಉತಾರದಲ್ಲಿ ಹೆಸರು ಬೇರೆ ಬೇರೆ ಆಗುವವರೆಗೆ ಗುರಪ್ಪ ಸುಮ್ಮನಿದ್ದ. ಆಮೇಲೆ ರಸ್ತೆಯ ಗುಂಟ ಕಲ್ಲುಕಂಬ ನೆಡಿಸಿದ. ಮೊದಲು ದಾರಿಯ ಬಾಯಿಗೆ ಒಂದು ಗೇಟು ಬಿಟ್ಟ. ಸ್ವಲ್ಪ ದಿನಕ್ಕೆ ಗೇಟಿಗೆ ಬೀಗ ಬಿತ್ತು. ರುದ್ರವ್ವ ಬೀಗದ ಕೈ ಕೇಳಿದಳು. "ನಿನಗ ಪಾಲು ಬೇಕಿತ್ತು, ಕೊಟ್ಟೇನಿ. ಕೈ ಬೇಕಂತ ಕೋರ್ಟಿನ್ಯಾಗ ಹೇಳಿದ್ದಿಲ್ಲಲ್ಲ" ಎಂದನಂತೆ.

ಅವಳು ಹದ್ದುಬಸ್ತಿಗೆ ಅರ್ಜಿ ಹಾಕಿದಳು. ಹೊಲದ ಗಡಿ ಅಳೆದು ಗುರುತು ಮಾಡಿಕೊಡಿ ಎಂಬ ಅರ್ಜಿ ಅದು. ದಾರಿ ಕೇಳುವ ಅರ್ಜಿ ಎಲ್ಲಿ ಹಾಕಬೇಕು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹಾಗೆ ಆ ಕೆಲಸ ನನ್ನ ಪಾಲಿಗೆ ಬಂತು.

ನಾನು ಯಂತ್ರ ಹೊರುವ ಇಬ್ಬರೊಂದಿಗೆ ಹೋದಾಗ ರುದ್ರವ್ವ ಬೇಲಿಯ ಹೊರಗೆ ರಸ್ತೆಯಲ್ಲಿ ನಿಂತಿದ್ದಳು. ಗಟ್ಟಿ ಮೈಯ, ಸೆರಗು ಬಿಗಿದ ಹೆಂಗಸು.

"ಬರ್ರಿ ಸಾಹೇಬ್ರ. ಅಲ್ಲಿ ಕಾಣ್ತೈತಲ್ರಿ ಹಸರ ಕಬ್ಬು, ಅದ ನನ್ನ ಹೊಲ. ಹೆಂಗ ಹೋಗ್ತೀರಿ ನೋಡೂನು."

ಅಷ್ಟರಲ್ಲಿ ಗುರಪ್ಪ ಮೋಟರ್ ಸೈಕಲ್ ಮೇಲೆ ಬಂದ. ಒಳ್ಳೆಯ ಮಾತಿನ ಮನುಷ್ಯ. ನನಗೆ ಕೈ ಮುಗಿದು ಬೀಗ ತೆಗೆದ.

"ಸರಕಾರಿ ಮಂದಿಗೆ ನಾ ಅಡ್ಡ ಬರಂಗಿಲ್ರಿ. ನೀವು ಬರ್ರಿ, ನಿಮ್ಮ ಮಂದಿ ಬರ್ಲಿ. ಅಕಿ ಬ್ಯಾಡ."

"ಹೊಲ ಅವರದು. ಅವರಿಲ್ಲದ ನಾ ಅಳ್ಯಾಕ ಬರೂದಿಲ್ಲ" ಎಂದೆ.

"ಬರ್ಲಿ ಬಿಡ್ರಿ. ಕಾಲುವಿ ಮ್ಯಾಲ ಹಾಯ್ದು ಬರ್ಲಿ. ನನ್ನ ಹೊಲದಾಗ ಕಾಲಿಡೂದು ಬ್ಯಾಡ."

ನಾನು ವಾದ ಮಾಡಿದೆ. ಅವನು ನಗುತ್ತಲೇ ಗೇಟಿಗೆ ಅಡ್ಡ ನಿಂತ. ರುದ್ರವ್ವ ನನ್ನ ಮುಖ ನೋಡಿ, "ನೀವು ಹೋಗ್ರಿ ಸಾಹೇಬ್ರ. ಇಷ್ಟ ದಿನಾ ಹಂಗ ಹೋಗೇನಿ, ಇವತ್ತೂ ಹೋಗ್ತೀನಿ" ಎಂದು ಕಾಲುವೆಯ ಕಡೆಗೆ ತಿರುಗಿ ನಡೆದಳು.

ಆ ಹೊತ್ತು ನನಗೆ ಮರೆಯುವುದಿಲ್ಲ. ಸಂಬಂಧವೇ ಇಲ್ಲದ ನಾನು ಗೇಟಿನಿಂದ ನೆಟ್ಟಗೆ ಒಳಗೆ ಹೋದೆ. ಹೊಲದ ಒಡತಿ ಊರ ಹಿಂದಿನಿಂದ ಸುತ್ತಿ, ಕಾಲುವೆಯ ದಂಡೆ ಹಿಡಿದು, ತೂಬಿನ ಹತ್ತಿರ ನೀರಿಗಿಳಿದು ದಾಟಿ ಬರಬೇಕಾಯಿತು. ನಾವು ಅವಳ ಹೊಲದಲ್ಲೇ ನಿಂತು ಅವಳಿಗಾಗಿ ಕಾದೆವು. ಬಂದಾಗ ಸೀರೆ ಮೊಣಕಾಲಿನವರೆಗೆ ತೊಯ್ದಿತ್ತು.

ಅಳೆದೆವು. ಕ್ಷೇತ್ರ, ಅಂದರೆ ವಿಸ್ತೀರ್ಣ, ಸರಿಯಾಗಿತ್ತು. ಎಲ್ಲೂ ಒತ್ತುವರಿ ಇಲ್ಲ, ಒಂದು ಗುಂಟೆಯೂ ಹೆಚ್ಚುಕಡಿಮೆ ಇಲ್ಲ.

"ಹೇಳ್ರಿ ಸಾಹೇಬ್ರ, ಏನರ ಕಡಿಮಿ ಐತೇನು?" ಎಂದ ಗುರಪ್ಪ.

"ಇಲ್ಲ."

"ಮತ್ತ ಇಕಿ ತಕರಾರು ಏನ್ರಿ? ಅಪ್ಪ ಹಾಸಿಗಿ ಹಿಡದಾಗ ನಾ ನೋಡೇನಿ, ನನ್ನ ಹೆಂಡತಿ ನೋಡ್ಯಾಳ. ಇಕಿ ಬಂದು ಅರ್ಧ ಒಯ್ದಳು. ಒಯ್ಲಿ, ಕೊಟ್ಟೇನಿ. ಈಗ ನನ್ನ ಅರ್ಧದಾಗೂ ಕಾಲಿಡ್ತೀನಿ ಅಂದ್ರ ಹೆಂಗ?"

ರುದ್ರವ್ವ ಅಣ್ಣನ ಕಡೆ ನೋಡದೆ ನನಗೇ ಹೇಳಿದಳು: "ಅಳತಿಗೆ ಕಡಿಮಿ ಇಲ್ರಿ, ನಾನೂ ಒಪ್ತೀನಿ. ಬಾಗಲಾ ಇಡದ ಮನಿ ಕಟ್ಟಿ ಕೊಟ್ಟು, ತಗೋ ಇದು ನಿಂದು ಅಂದ್ರ ನೀವು ಅದರಾಗ ಇರ್ತೀರೇನ್ರಿ?"

ಗುರಪ್ಪನ ನೋವು ನನಗೆ ತಿಳಿಯಲಿಲ್ಲ ಎಂದಲ್ಲ. ಅಪ್ಪನ ಕೊನೆಗಾಲ ಅವನೇ ನೋಡಿದ್ದು ಖರೆ. ಆದರೆ ಅವನು ಕಾನೂನು ಕೊಟ್ಟದ್ದನ್ನು ಒಂದು ಕೈಯಲ್ಲಿ ಕೊಟ್ಟು, ಇನ್ನೊಂದು ಕೈಯಲ್ಲಿ ಬೀಗ ಹಾಕಿ ಕಸಿದುಕೊಂಡಿದ್ದ. ಒಳಗಿನ ಹೊಲ ದಾರಿಯಿಲ್ಲದೆ ಬೇರೆ ಯಾರಿಗೂ ಬೇಡ. ಕಡೆಗೆ ಅದನ್ನು ಕೊಳ್ಳಬಲ್ಲವನು ಅವನೊಬ್ಬನೇ, ಅವನು ಹೇಳಿದ ಬೆಲೆಗೆ. ಬೇಲಿಯ ಗುಟ್ಟು ಇದೇ. ನಮ್ಮ ಭಾಗದಲ್ಲಿ ಇಂಥ ಎಷ್ಟೋ ಬೇಲಿಗಳ ಗುಟ್ಟು ಇದೇ.

ನನ್ನ ವರದಿಯಲ್ಲಿ ಅಳತೆಯ ಜೊತೆಗೆ ಬರೆದೆ: ಒಡ್ಡಿನ ಗುಂಟ ಹಳೆಯ ಬಂಡಿದಾರಿ ಇದೆ, ಗಾಲಿಯ ಗೆರೆಗಳು ಈಗಲೂ ಕಾಣುತ್ತವೆ, ಅದನ್ನು ಬೇಲಿ ಹಾಕಿ ಮುಚ್ಚಲಾಗಿದೆ, ಅರ್ಜಿದಾರಳಿಗೆ ಬೇರೆ ದಾರಿ ಇಲ್ಲ. ನನ್ನ ಮೇಲಧಿಕಾರಿ ಓದಿ ಕನ್ನಡಕ ತೆಗೆದರು. ಅವರು ಈಗ ಇಲ್ಲ, ಹೆಸರು ಹೇಳುವುದಿಲ್ಲ.

"ನಿನ್ನನ್ನ ಹದ್ದು ನೋಡಾಕ ಕಳಿಸಿದ್ದೋ, ದಾರಿ ನೋಡಾಕ ಕಳಿಸಿದ್ದೋ?"

"ಹದ್ದು ನೋಡಾಕ್ರಿ. ಆದ್ರ ಅಕಿ ಹೊಲಕ್ಕ ಹೋಗಾಕ ದಾರಿನ ಇಲ್ರಿ ಸರ್."

"ಕ್ಷೇತ್ರ ಬರೋಬ್ಬರಿ ಐತಿಲ್ಲೋ? ಮುಗೀತು. ದಾರಿ ದಿವಾಣಿ ಕೋರ್ಟಿನ ವಿಷಯ. ಈ ಸಾಲು ತಗಿ."

"ತಗ್ಯಾಂಗಿಲ್ರಿ."

"ನೀ ತಗೀದಿದ್ರ ತಗ್ಯಾವ್ರು ಬ್ಯಾರೆ ಅದಾರ."

ತೆಗೆದರು. ಅರ್ಜಿ ವಿಲೇವಾರಿ ಆಯಿತು. 'ಕ್ಷೇತ್ರ ತಾಳೆಯಾಗುತ್ತದೆ' ಎಂಬ ಒಂದು ಸಾಲಿನ ಹಿಂಬರಹ ರುದ್ರವ್ವನ ಕೈಗೆ ಹೋಯಿತು. ಸ್ವಲ್ಪ ದಿನಕ್ಕೆ ಆಡಳಿತದ ಅಗತ್ಯ ಎಂಬ ಕಾರಣ ಕೊಟ್ಟು ನನ್ನನ್ನು ಬೀಳಗಿ ಕಡೆಗೆ ನಿಯೋಜಿಸಿದರು.

'ದಿವಾಣಿ ಕೋರ್ಟಿಗೆ ಹೋಗಿರಿ.' ನನ್ನ ನೌಕರಿಯಲ್ಲಿ ಈ ಮಾತನ್ನು ಎಷ್ಟು ಬಾಯಿಂದ ಕೇಳಿದ್ದೇನೆ! ಬನಹಟ್ಟಿಯಲ್ಲಿ ಒಬ್ಬ ನೇಕಾರನಿಗೆ ಹೇಳಿದರು. ಅವನ ಜಾಗ ಹಿಂದೆ, ಮುಂದಿನ ಜಾಗದವನು ಸಂದಿಗೆ ಗೋಡೆ ಎಬ್ಬಿಸಿದ್ದ. ಪಾಪ, ಮಗ್ಗದ ಸಾಮಾನನ್ನು ಬಿಚ್ಚಿ ಪಕ್ಕದವರ ಮಾಳಿಗೆಯ ಮೇಲಿಂದ ಹಗ್ಗ ಕಟ್ಟಿ ಇಳಿಸಿಕೊಂಡ. ರನ್ನ ಬೆಳಗಲಿ ಕಡೆಯ ಒಬ್ಬ ರೈತನಿಗೆ ಹೇಳಿದರು. ಅವನು ಕೋರ್ಟಿಗೆ ಹೋಗುವ ಬದಲು ಹೊಲ ಮಾರಿ ಕೈ ತೊಳೆದುಕೊಂಡ. ಕೋರ್ಟಿಗೆ ಹೋಗಿ ಎನ್ನುವುದು ತಪ್ಪಲ್ಲ. ಕಣ್ಣೆದುರಿಗೆ ಕಂಡದ್ದನ್ನು ಬರೆದು ಕೊಟ್ಟು ಹೋಗಿ ಎನ್ನಬೇಕು. ಬರೆಯದೆ ಕಳಿಸಿದರೆ ಅವನು ಅಲ್ಲಿ ಏನು ತೋರಿಸಬೇಕು?

ಬೀಳಗಿಯ ಕಡೆ ನಾನು ಕಂಡದ್ದು ಇನ್ನೊಂದು ಬಗೆ. ಅಲ್ಲಿ ಬೇಲಿ ಹಾಕಿದ್ದು ನೀರು. ಆಣೆಕಟ್ಟಿನ ಹಿನ್ನೀರು ಬಂದಾಗ ಮುಳುಗಿದ ಹೊಲಗಳಿಗೆ ಪರಿಹಾರ ಬಂತು. ಹನಮಂತಪ್ಪ ಎಂಬ ರೈತನ ಹೊಲ ದಿಬ್ಬದ ಮೇಲಿತ್ತು, ಮುಳುಗಲಿಲ್ಲ. ಆದರೆ ಅಲ್ಲಿಗೆ ಹೋಗುವ ದಾರಿ ಪೂರ್ತಿ ಮುಳುಗಿತು. ಹೊಲ ಉಳಿದಿದೆಯಲ್ಲ, ಪರಿಹಾರ ಯಾತಕ್ಕೆ ಎಂದು ಅವನ ಅರ್ಜಿ ವಾಪಸು ಬಂದಿತ್ತು. ಅವನು ಮತ್ತೆ ಮತ್ತೆ ಬರೆದ ಮೇಲೆ ಕಡೆಗೆ ಸ್ಥಳ ಪರಿಶೀಲನೆಗೆ ಒಬ್ಬ ಅಧಿಕಾರಿ ಬಂದರು, ಜೊತೆಗೆ ನಾನು.

ಹನಮಂತಪ್ಪ ದಂಡೆಯಲ್ಲಿ ಹರಗೋಲು ತಂದು ನಿಲ್ಲಿಸಿದ್ದ. "ಕುಂದರ್ರಿ ಸಾಹೇಬ್ರ" ಎಂದ.

ಅಧಿಕಾರಿ ಹರಗೋಲು ನೋಡಿದರು, ನೀರು ನೋಡಿದರು. "ಇದರಾಗ? ಮುಳುಗಿದ್ರ ಹೆಂಗೋ?"

"ನಾ ದಿನಾ ಇದರಾಗ ಹೋಗ್ತೀನ್ರಿ. ನನ್ನ ಹೆಂಡತಿ ರೊಟ್ಟಿ ಬುಟ್ಟಿ ಇಟಗೊಂಡು ಹೋಗ್ತಾಳ್ರಿ. ಎತ್ತು ಅಷ್ಟ ಹತ್ತೂದಿಲ್ರಿ."

ಅಧಿಕಾರಿ ಹತ್ತಲಿಲ್ಲ. ಜೀಪಿನ ನೆರಳಲ್ಲಿ ನಿಂತು, ದೂರದ ದಿಬ್ಬದ ಕಡೆ ಕೈ ಮಾಡಿ, "ಹೊಲ ಕಾಣ್ತೈತಲ್ಲ, ಒಣಗೇ ಐತಿ" ಎಂದು ಬರೆಸಿದರು. ನಾನೊಬ್ಬ ಹರಗೋಲಿನಲ್ಲಿ ಕೂತು ಹೋಗಿಬಂದೆ. ಸಿಟ್ಟಿಗೆ ಹೋದೆನೇ ಹೊರತು ಧೈರ್ಯಕ್ಕಲ್ಲ, ನನಗೆ ಈಜು ಬರುವುದಿಲ್ಲ. ನನ್ನ ಟಿಪ್ಪಣಿಯನ್ನು ಅವರ ವರದಿಗೆ ಸೇರಿಸಲಿಲ್ಲ. ತಾವು ಒಮ್ಮೆ ಕೂಡಲು ಹೆದರಿದ ಹರಗೋಲಿನಲ್ಲಿ ಇನ್ನೊಬ್ಬ ಜೀವನಪೂರ್ತಿ ಹೋಗಿ ಉಳುಮೆ ಮಾಡಲಿ ಎನ್ನುವವರಿಗೆ ಏನೆನ್ನಬೇಕೋ ನನಗೆ ಈಗಲೂ ತಿಳಿದಿಲ್ಲ. ಹನಮಂತಪ್ಪ ಎರಡು ಮಳೆಗಾಲ ನೋಡಿ ಉಳುಮೆ ಬಿಟ್ಟ. ಅವನ ಹೊಲ ಇವತ್ತಿಗೂ ದಿಬ್ಬದ ಮೇಲೆ ಒಣಗೇ ಇದೆ.

ನನ್ನನ್ನು ಬೀಳಗಿಗೆ ಕಳಿಸಿದ ವರ್ಷವೇ, ಕಬ್ಬಿನ ಹಂಗಾಮು ಮುಗಿಯುತ್ತ ಬಂದಾಗ ಒಂದು ಭಾನುವಾರ ರುದ್ರವ್ವನ ಗಂಡ ಕಲ್ಲಪ್ಪ ನಮ್ಮ ಮನೆ ಹುಡುಕಿಕೊಂಡು ಬಂದ. ಬಾಗಿಲಲ್ಲೇ ನಿಂತು ಹೇಳಿದ: "ಸಾಹೇಬ್ರ, ಕಬ್ಬು ಸೂಲಂಗಿ ಬಿಟ್ಟೈತ್ರಿ."

ಸೂಲಂಗಿ ಎಂದರೆ ಕಬ್ಬಿನ ತಲೆಯ ಮೇಲೆ ಬರುವ ಹೂವು. ದೂರದಿಂದ ಬೆಳ್ಳಗೆ ಚೆಂದ ಕಾಣುತ್ತದೆ. ಕಡಿಯುವ ಕಾಲ ಮೀರಿತು ಎಂದು ಅದರ ಅರ್ಥ. ಆಮೇಲೆ ಕಬ್ಬು ಒಳಗೇ ಒಣಗಿ ಬೆಂಡಾಗುತ್ತದೆ. ಕಡಿಯುವ ಗ್ಯಾಂಗು ಬಂದಿತ್ತಂತೆ, ಟ್ರ್ಯಾಕ್ಟರೂ ಬಂದಿತ್ತಂತೆ. ಬೀಗ ಹಾಕಿದ ಗೇಟಿನ ಮುಂದೆ ನಿಂತು ನೋಡಿ, ಮುಂದಿನ ಹೊಲಕ್ಕೆ ಹೋಗಿಬಿಟ್ಟಿದ್ದವು.

ನಾನು ಅವನ ಜೊತೆಯಲ್ಲೇ ಬಸ್ಸು ಹತ್ತಿದೆ. ಆ ದಿನ ನನಗೆ ಅಲ್ಲಿ ಯಾವ ಅಧಿಕಾರವೂ ಇರಲಿಲ್ಲ, ಬರೇ ನೋಡಲು ಹೋದೆ. ರುದ್ರವ್ವ, ಅವಳ ಮಗ, ಮಗಳು, ಕೂಲಿಗೆ ಬಂದ ಹೆಂಗಸರು ಕಬ್ಬು ಕಡಿದು ಹೊರೆ ಕಟ್ಟಿ ತಲೆಯ ಮೇಲೆ ಹೊತ್ತು ಕಾಲುವೆಯ ದಂಡೆಯ ಮೇಲೆ ಸಾಲಾಗಿ ಬರುತ್ತಿದ್ದರು. ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಡಬ್ಬಿ ತುಂಬುವ ಬೆಳೆಯನ್ನು ತಲೆಯ ಮೇಲೆ ಹೊತ್ತು ಎಂದಿಗೆ ಮುಗಿಸುತ್ತಾರೆ! ಅಷ್ಟರಲ್ಲಿ ಕಾಲುವೆಯ ಕಾವಲುಗಾರ ಬಂದು, "ದಂಡಿ ಹಾಳಾಗ್ತೈತಿ, ಇಲ್ಲಿ ಹಾಯಬ್ಯಾಡ್ರಿ" ಎಂದ. ಅವನಿಗೂ ಮೇಲಿನವರ ಹುಕುಂ.

ಊರ ಹಿರಿಯರು ಒಂದಿಬ್ಬರು ಅಲ್ಲೇ ನಿಂತಿದ್ದರು. ಅವರಲ್ಲೊಬ್ಬರು ರುದ್ರವ್ವನಿಗೆ, "ಯಾಕ ಇಷ್ಟು ಹಟಾ ಬೇ? ಹೋಗಿ ಅಣ್ಣನ ಕಾಲ ಮುಟ್ಟು. ಬೀಗ ತಗೀತಾನ" ಎಂದರು.

ರುದ್ರವ್ವ ಹೊರೆ ಇಳಿಸಿದಳು. ಕುತ್ತಿಗೆಯ ಬೆವರು ಒರೆಸಿಕೊಂಡು ಹೇಳಿದಳು: "ಕಾಲ ಮುಟ್ಟಿದ್ರ ಇವತ್ತೊಂದಿನ ತಗೀತಾನ್ರಿ. ನಾಳೆ ಮತ್ತ ಮುಟ್ಟಬೇಕು. ನನಗ ದಿನಾ ಹೋಗಾಕ ಬೇಕ್ರಿ ಕಾಕಾ."

"ಹಂಗಾದ್ರ ಅವನಿಗೇ ಮಾರಿಬಿಡು."

"ಮಾರೂದಿಲ್ಲ. ಒಣಗಲಿ."

ಹೊತ್ತು ತಂದಷ್ಟು ಸಿಕ್ಕಿತು. ಉಳಿದದ್ದು ನಿಂತಲ್ಲೇ ಒಣಗಿತು. ರಸ್ತೆಯಲ್ಲಿ ಹೋಗುವ ಬರುವ ಮಂದಿಯೆಲ್ಲ ನೋಡಿದರು. ದಾರಿ ಹಕ್ಕಾಗಿ ಸಿಗುವುದು, ಅನುಗ್ರಹವಾಗಿ ಸಿಗುವುದು, ಇವೆರಡರ ವ್ಯತ್ಯಾಸವನ್ನು ನನ್ನ ಇಲಾಖೆ ತರಬೇತಿಯಲ್ಲಿ ನನಗೆ ಹೇಳಿಕೊಡಲಿಲ್ಲ. ಕಾಲುವೆಯ ದಂಡೆಯ ಮೇಲೆ ನಿಂತು ರುದ್ರವ್ವನ ಆ ಮಾತು ಕೇಳಿದ ದಿನ ತಿಳಿಯಿತು.

ಮುಂದಿನ ವರ್ಷ ಹೊಸ ತಹಸೀಲ್ದಾರರು ಬಂದರು, ವಯಸ್ಸಿನಲ್ಲಿ ಸಣ್ಣವರು, ಹೆಣ್ಣುಮಗಳು. ದಾರಿ ಕೇಳಿ ರುದ್ರವ್ವ ಕೊಟ್ಟ ಹೊಸ ಅರ್ಜಿ ಓದಿ ತಾವೇ ಹೊಲಕ್ಕೆ ಹೋದರು. ಗುರಪ್ಪ ಅವರಿಗೂ ಕೈ ಮುಗಿದು ಗೇಟು ತೆಗೆದನಂತೆ. ಅವರು ಒಳಗೆ ಹೋಗಲಿಲ್ಲ. "ಈಕಿ ಯಾ ದಾರಿಲೆ ಹೋಗ್ತಾಳೋ ನಾನೂ ಅದ ದಾರಿಲೆ ಹೋಗ್ತೀನಿ" ಎಂದು ರುದ್ರವ್ವನ ಜೊತೆ ಕಾಲುವೆ ಸುತ್ತಿ, ನೀರಿಗಿಳಿದು ದಾಟಿದರು. ಪಂಚನಾಮೆ ಆಯಿತು, ಊರಿನವರ ಹೇಳಿಕೆ ಬರೆಸಿದರು, ದಾರಿ ಬಿಡಲು ಆದೇಶ ಬಂತು. ಪೊಲೀಸರ ಎದುರಿಗೆ ಜೆಸಿಬಿ ಎರಡು ಕಂಬ ಕಿತ್ತಿತು. ಈ ಸುದ್ದಿ ಕೇಳಿ ನಾನು ಬೀಳಗಿಯಲ್ಲಿ ಜೊತೆಗಾರರಿಗೆಲ್ಲ ಚಹಾ ಕುಡಿಸಿದೆ.

ಚಹಾದ ಬಾಯಿ ಆರುವ ಮೊದಲೇ ಗುರಪ್ಪ ಕೋರ್ಟಿನಿಂದ ತಡೆಯಾಜ್ಞೆ ತಂದ. ಕಿತ್ತ ಕಂಬಗಳನ್ನು ಮತ್ತೆ ನೆಟ್ಟರು. ಆ ತಹಸೀಲ್ದಾರರಿಗೂ ಅಷ್ಟರಲ್ಲಿ ವರ್ಗ ಆಯಿತು.

ಆಮೇಲಿನದು ಮುಂದೂಡಿಕೆಗಳ ಕತೆ. ವಕೀಲರು ಬಂದಿಲ್ಲ, ನ್ಯಾಯಾಧೀಶರಿಗೆ ರಜೆ, ಸಾಕ್ಷಿ ಗೈರು. ಪ್ರತಿ ಸಲವೂ ರುದ್ರವ್ವ ಬುತ್ತಿ ಕಟ್ಟಿಕೊಂಡು ಬರುವಳು, ಕೋರ್ಟಿನ ಬೇವಿನ ಮರದ ಕೆಳಗೆ ಉಂಡು ಹೋಗುವಳು. ಆ ವರ್ಷಗಳಲ್ಲಿ ಅವಳು ಕಬ್ಬು ಹಾಕಲಿಲ್ಲ. ತಲೆಯ ಮೇಲೆ ಹೊತ್ತು ತರಬಹುದಾದದ್ದನ್ನಷ್ಟೇ ಬೆಳೆದಳು: ಮೆಂತ್ಯ, ಮೆಣಸಿನಕಾಯಿ, ಬದನೆ. ಒಂದು ವರ್ಷವೂ ಬೀಳು ಬಿಡಲಿಲ್ಲ. ಈ ನಡುವೆ ನಾನು ನಿವೃತ್ತನಾದೆ. ಹಾರ ಹಾಕಿದರು, ಭಾಷಣ ಮಾಡಿದರು. ನಾನು ಕೃತಜ್ಞತೆ ಹೇಳಲು ನಿಂತಾಗ ನನ್ನ ಕಣ್ಣಿಗೆ ಆ ಗೇಟು ಬಂತು. ಏನು ಹೇಳಿದೆನೋ ನೆನಪಿಲ್ಲ.

ಕಡೆಗೆ ನನ್ನನ್ನು ಸಾಕ್ಷಿಗೆ ಕರೆದರು. ಗುರಪ್ಪನ ಪರ ವಕೀಲರು ಚುರುಕಾಗಿದ್ದರು.

"ಗ್ರಾಮದ ನಕಾಶೆಯಲ್ಲಿ ಈ ದಾರಿ ಇದೆಯೇ?"

"ಇಲ್ರಿ."

"ಉತಾರದಲ್ಲಿ?"

"ಇಲ್ರಿ."

"ವಾಟ್ನಿ ಕಾಗದದಲ್ಲಿ?"

"ಅದರಾಗೂ ಇಲ್ರಿ."

"ಹಾಗಾದರೆ ದಾರಿಯೇ ಇಲ್ಲ ಎಂದು ಒಪ್ಪಿಕೊಳ್ಳಿ."

"ಒಪ್ಪೂದಿಲ್ರಿ. ನಕಾಶಿ ಬರ್ಯಾವ್ರು ನಾವು. ನಾವು ಬರೀಲಿಲ್ಲ ಅಂದ್ರ ದಾರಿ ಇಲ್ಲ ಅಂತ ಹೆಂಗಾಗ್ತೈತ್ರಿ? ಗಾಲಿ ಗೆರಿ ನಾ ಕಣ್ಣಲೆ ನೋಡೇನಿ."

ಅವರು ನಕ್ಕು ಕೂತರು. ಮುಂದಿನ ದಿನ ಗುರಪ್ಪನ ಸರದಿ. ರುದ್ರವ್ವನ ವಕೀಲರು ಹೆಚ್ಚು ಮಾತಿನವರಲ್ಲ. ಒಂದೇ ಪ್ರಶ್ನೆ ಕೇಳಿದರು: "ನಿಮ್ಮ ತಂದೆಯವರು ಕಾಲುವೆ ಕಡೆಯ ಹೊಲಕ್ಕೆ ಬಂಡಿ ಹೇಗೆ ಒಯ್ಯುತ್ತಿದ್ದರು?"

ಗುರಪ್ಪ ಕಟಕಟೆಯ ಕಟ್ಟಿಗೆ ಹಿಡಿದು ನಿಂತ. ತನ್ನ ವಕೀಲರ ಕಡೆ ನೋಡಿದ, ಆಮೇಲೆ ತಂಗಿಯ ಕಡೆ ನೋಡಿದ. ಪ್ರಶ್ನೆಯನ್ನು ಇನ್ನೊಮ್ಮೆ ಕೇಳಬೇಕಾಯಿತು. ಅಪ್ಪನ ಮೇಲೆ ಸುಳ್ಳು ಹೇಳಲು ಅವನಿಗೆ ಆಗಲಿಲ್ಲವೋ ಏನೋ.

"ಇದ ಒಡ್ಡಿನ ಗುಂಟ್ರಿ" ಎಂದ.

ಒಂದೇ ಹೊಲ ಒಡೆದು ಪಾಲಾದಾಗ, ಒಳಗಿನ ಪಾಲಿಗೆ ಬೇರೆ ದಾರಿ ಇಲ್ಲದಿದ್ದರೆ, ಹೊರಗಿನ ಪಾಲಿನಲ್ಲಿ ಹಾದುಹೋಗುವ ಹಕ್ಕು ಅದರ ಜೊತೆಗೇ ಹುಟ್ಟುತ್ತದೆ. ಕಾಗದದಲ್ಲಿ ಬರೆಯದಿದ್ದರೂ ಹುಟ್ಟುತ್ತದೆ. ತೀರ್ಪಿನಲ್ಲಿ ನ್ಯಾಯಾಧೀಶರು ಹಾಗೆ ಹೇಳಿದರು. ಇದು ಹೊಸ ಕಾನೂನಲ್ಲ, ಬ್ರಿಟಿಷರ ಕಾಲದಿಂದ ಇರುವ ಕಾನೂನು! ಅದರ ಹೆಸರು ಅನುಭೋಗದ ಹಕ್ಕು. ಊರೂರಿಗೆ ಹೋಗಿ ಹೊಲ ಒಡೆದು ಪಾಲು ಮಾಡುವ ನಮಗೆ, ಅದನ್ನು ಒಮ್ಮೆಯೂ ಕೂರಿಸಿಕೊಂಡು ಹೇಳಿಕೊಡದೆ ಕಳಿಸಿದ್ದರಲ್ಲ ಎಂದು ಅವತ್ತು ಕೋರ್ಟಿನ ಮೆಟ್ಟಿಲ ಮೇಲೆ ನಿಂತು ನನಗೆ ಮೈ ಉರಿಯಿತು. ಹುಡುಗರೇ, ನಿಮಗೂ ಯಾರೂ ಹೇಳಲಿಕ್ಕಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಗುರಪ್ಪ ಮೇಲಿನ ಕೋರ್ಟಿಗೆ ಹೋದ, ಅಲ್ಲೂ ಸೋತ. ಗೇಟು ತೆಗೆದ ದಿನ ನಾನು ಹೋಗಿದ್ದೆ. ಅವನು ನನ್ನ ಹತ್ತಿರ ಬಂದು, "ನೀವು ನಡುವ ಬರದಿದ್ರ ಅಕಿ ಎಂದೋ ಮಾರ್ತಿದ್ಲು" ಎಂದ. "ಮಾರ್ತಿದ್ದಿಲ್ಲ" ಎಂದೆ. ಅವನೂ ಹೌದೆಂದು ತಲೆ ಅಲ್ಲಾಡಿಸಿದ. ರುದ್ರವ್ವ ಬಂಡಿದಾರಿಯಲ್ಲಿ ಒಬ್ಬಳೇ ಹೊಲದವರೆಗೆ ಹೋಗಿ, ತಿರುಗಿ ರಸ್ತೆಯವರೆಗೆ ಬಂದು, ಮತ್ತೆ ಹೋದಳು. ಮೊಣಕಾಲು ನೋವು ಹತ್ತಿತ್ತು ಅವಳಿಗೆ ಅಷ್ಟರಲ್ಲಿ. ನೆರೆದವರು ಚಪ್ಪಾಳೆ ತಟ್ಟಿದರು. ನನಗೆ ತಟ್ಟಲು ಆಗಲಿಲ್ಲ. ಪಾಲು ಮಾಡಿದ ದಿನವೇ ಕಾಗದದಲ್ಲಿ ಒಂದು ಸಾಲು ಬರೆದಿದ್ದರೆ ತೀರುತ್ತಿದ್ದ ಮಾತಿಗೆ ಆ ಹೆಂಗಸಿನ ಗಟ್ಟಿ ವಯಸ್ಸೆಲ್ಲ ಹೋಗಿತ್ತು.

ಈಚೆಗೆ ರುದ್ರವ್ವ ನನಗೆ ಫೋನು ಮಾಡಿಸಿದಳು. ತಾನು ಇರುವಾಗಲೇ ಹೊಲವನ್ನು ಮಗನಿಗೂ ಮಗಳಿಗೂ ಪಾಲು ಮಾಡುತ್ತೇನೆ, ಬಂದು ಕೂಡಿರಿ ಎಂದು. ಹೋದೆ. ಇಲಾಖೆಯಿಂದ ಒಬ್ಬ ಎಳೆಯ ಸರ್ವೆಯರು ಬಂದಿದ್ದ, ವಿನಯದ ಹುಡುಗ. ಬಂದವನೇ ಮೂಲೆಯಲ್ಲಿ ಕೋಲು ಊರಿ, "ಎರಡು ಸಮ ಭಾಗ ಮಾಡೂದಲ್ರಿ ಅವ್ವಾರ?" ಎಂದ.

"ಮೊದಲ ದಾರಿ ಹಾಕು" ಎಂದಳು ರುದ್ರವ್ವ. "ದಾರಿ ಹಾಕಿದ ಮ್ಯಾಲ ಉಳದದ್ದು ಹೊಲ. ಅದನ್ನ ಎರಡು ಮಾಡು."

ಹುಡುಗ ನನ್ನ ಕಡೆ ನೋಡಿದ. "ನಮ್ಮ ಅರ್ಜಿಯಾಗ ದಾರಿ ಕೇಳಿಲ್ರಿ. ಮನಿ ಮಂದಿ ಇದ್ದೀರಿ, ನೀವು ನೀವ ಮಾತಾಡಿಕೊಂಡು ಬಿಟ್ರ ಆತು."

"ಮಾತಾಡಿಕೊಂಡು ಬಿಟ್ಟಿದ್ದಕ್ಕ ಅಷ್ಟು ವರ್ಷ ಕೋರ್ಟಿಗೆ ಅಲದೇನಿ ತಮ್ಮಾ. ಅರ್ಜಿ ಹೊಳ್ಳಿ ಕೊಡ್ತೀನಿ, ಬರಕೋ."

ಅವನು ಬರೆದುಕೊಂಡ. "ಆತು, ದಾರಿ ಹಾಕ್ತೀನ್ರಿ. ರಸ್ತಿ ಕಡೆ ಪಾಲು ಯಾರಿಗೆ, ಒಳಗಿನ ಪಾಲು ಯಾರಿಗೆ? ಅಷ್ಟು ಹೇಳ್ರಿ."

ಮಗನೂ ಮಗಳೂ ಅವ್ವನ ಮುಖ ನೋಡಿದರು.

"ಹೇಳೂದಿಲ್ಲ" ಎಂದಳು ರುದ್ರವ್ವ. "ದಾರಿ ಹಾಕಿ, ಕಲ್ಲು ನೆಟ್ಟು, ನಕಾಶಿ ಬರದು ಮುಗಿಸು. ಇಬ್ರೂ ಸಹಿ ಮಾಡ್ಲಿ. ಒಳಗಿಂದು ಯಾರಿಗೆ ಅಂತ ಆಮ್ಯಾಲ ಹೇಳ್ತೀನಿ."

ಹುಡುಗ ದಾರಿಯ ಅಗಲಕ್ಕೆ ಸುಣ್ಣದ ಪುಡಿ ಹಾಕಿ ಎರಡು ಗೆರೆ ಎಳೆದ. ಮಗ ಬಂದು ನೋಡಿದ, ಮಗಳು ಬಂದು ನೋಡಿದಳು. ಟ್ರ್ಯಾಕ್ಟರು ಹೊರಳಲು ಇಷ್ಟು ಸಾಕೇ ಎಂದು ಇಬ್ಬರೂ ಹೆಜ್ಜೆ ಹಾಕಿ ಅಳೆದರು. ಆಮೇಲೆ ಇಬ್ಬರೂ ಒಂದೇ ಮಾತು ಹೇಳಿದರು:

"ಇನ್ನಷ್ಟು ಅಗಲ ಹಾಕ್ರಿ."